ಮಳೆ ಬಂದರೂ ಬಾಡುವ ಹಿತ್ತಿಲು

ಕರಾವಳಿಯವರು ನೀರಿಲ್ಲ ಎಂದು ದೂರಿದರೆ ಬಯಲುಸೀಮೆಯವರಿಗೆ ನಗು ಬರಬಹುದು. ಚಿತ್ರದುರ್ಗದಲ್ಲಿ ವರ್ಷವಿಡೀ ಸುರಿಯುವುದಕ್ಕಿಂತ ಹೆಚ್ಚು ಮಳೆ ಮಂಗಳೂರಿನಲ್ಲಿ ಸಾಮಾನ್ಯವಾಗಿ ಜೂನ್ ತಿಂಗಳೊಂದರಲ್ಲೇ ಸುರಿಯುತ್ತದೆ. ಇಲ್ಲಿನ ವಾರ್ಷಿಕ ಮಳೆ ಸುಮಾರು 3,500ರಿಂದ 4,000 ಮಿ.ಮೀ. ಆದರೂ ಎಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಬಸಳೆ ಚಪ್ಪರ ಸೊರಗುತ್ತದೆ. ಕರಿಬೇವು ಎಲೆ ಉದುರಿಸಿ ನಿಲ್ಲುತ್ತದೆ. ಇದು ಬೇಸಿಗೆಯ ಮಾತಾಯಿತು. ಈಗೀಗ ಮಳೆಗಾಲದ ನಟ್ಟನಡುವೆ, ಆಗಸ್ಟ್ ತಿಂಗಳಲ್ಲಿ ಕೂಡಾ ಗೃಹಿಣಿಯರು ಕೊಡ ಹಿಡಿದು ಹಿತ್ತಿಲಿಗೆ ಇಳಿಯಬೇಕಾದ ಸಂದರ್ಭ ಬರುತ್ತಿದೆ.

ಹಿತ್ತಿಲ ಗಿಡಗಳು ನಮಗೆ ಬರೀ ಅಲಂಕಾರಕ್ಕಲ್ಲ. ಸಾರಿಗೆ ಹಾಕುವ ಹರಿವೆ, ಬಿರಿಯಾನಿಗೆ ಬೇಕಾದ ಪುದೀನ, ಮಕ್ಕಳ ಕೈಗೆ ಸಿಗುವ ಪೇರಳೆ, ಮಾರಿದರೆ ನಾಲ್ಕು ಕಾಸು ತರುವ ಮಲ್ಲಿಗೆ ಮತ್ತು ತೆಂಗಿನಕಾಯಿ ಎಲ್ಲವೂ ಅಲ್ಲಿಂದಲೇ ಬರಬೇಕು. ಮನೆಯ ಯಜಮಾನ ಗಲ್ಫ್‌ನಲ್ಲಿದ್ದರೂ ಊರಲ್ಲಿದ್ದರೂ ಈ ಗಿಡಗಳ ಹೊಣೆ ಹೆಚ್ಚಾಗಿ ಮನೆಯೊಡತಿಯದ್ದೇ. ಆದ್ದರಿಂದ ಮಳೆ ಕೈಕೊಟ್ಟಾಗ ಮೊದಲ ಪೆಟ್ಟು ಬೀಳುವುದೂ ಆಕೆಯ ಬೆನ್ನಿಗೇ.

ಒಟ್ಟು ಲೆಕ್ಕ ಹೇಳದ ಮಾತು

ಈ ವರ್ಷ ಮಳೆ ಚೆನ್ನಾಗಿತ್ತು, ಇಲ್ಲವೇ ಕಡಿಮೆಯಿತ್ತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಗಿಡ ವರ್ಷದ ಲೆಕ್ಕ ಇಡುವುದಿಲ್ಲ. ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಎಷ್ಟು ದಿನ ಕಳೆಯಿತು ಎಂಬುದಷ್ಟೇ ಅದಕ್ಕೆ ಮುಖ್ಯ.

2019ನೇ ವರ್ಷವನ್ನೇ ನೋಡಿ. ಆ ಬೇಸಿಗೆಯಲ್ಲಿ ಮಂಗಳೂರು ನಗರಕ್ಕೆ ನೀರುಣಿಸುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ರೇಷನಿಂಗ್ ಮಾಡಬೇಕಾಯಿತು. ಮುಂಗಾರು ಕೇರಳಕ್ಕೆ ತಲುಪಿದ್ದು ಜೂನ್ 8ರಂದು. ಜೂನ್ ತಿಂಗಳಲ್ಲಿ ದೇಶದ ಒಟ್ಟು ಮಳೆಯಲ್ಲಿ ಶೇ. 33ರಷ್ಟು ಕೊರತೆಯಾಯಿತು. ಆಗಸ್ಟ್‌ನಲ್ಲಿ ಅದೇ ಕರ್ನಾಟಕ ಭೀಕರ ನೆರೆಗೆ ತುತ್ತಾಯಿತು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ದೇಶದ ಮುಂಗಾರು ಮಳೆ ವಾಡಿಕೆಗಿಂತ ಶೇ. 10ರಷ್ಟು ಹೆಚ್ಚು! 1994ರ ಬಳಿಕದ ಅತಿ ಹೆಚ್ಚಿನ ಮಳೆ ಅದಾಗಿತ್ತು. ಕಾಗದದ ಮೇಲೆ ಸಮೃದ್ಧ ವರ್ಷ. ಆದರೆ ಜೂನ್‌ನಲ್ಲಿ ಒಣಗಿದ ಸಸಿಗೂ ಆಗಸ್ಟ್‌ನಲ್ಲಿ ಕೊಳೆತ ಬಳ್ಳಿಗೂ ಆ ಲೆಕ್ಕದಿಂದ ಏನು ಪ್ರಯೋಜನ?

2023ರಲ್ಲಿ ಇನ್ನೊಂದು ಬಗೆ. ಜುಲೈಯಲ್ಲಿ ಧಾರಾಕಾರ ಮಳೆ, ಆಗಸ್ಟ್‌ನಲ್ಲಿ ಬಿಸಿಲು. ದೇಶದ ಮಟ್ಟದಲ್ಲಿ 1901ರ ಬಳಿಕ ಅಷ್ಟೊಂದು ಒಣ ಆಗಸ್ಟ್ ದಾಖಲಾಗಿರಲಿಲ್ಲ. ಮಳೆಯ ಕೊರತೆ ಶೇ. 36. ಆ ವರ್ಷ ಕರ್ನಾಟಕದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರಕಾರ ಘೋಷಿಸಬೇಕಾಯಿತು. 2025ರಲ್ಲಿ ಮತ್ತೆ ಎಲ್ಲವೂ ತಲೆಕೆಳಗು. ಮುಂಗಾರು ಮೇ 24ರಂದೇ ಕೇರಳ ತಲುಪಿತು. ವಾಡಿಕೆಗಿಂತ ಎಂಟು ದಿನ ಮೊದಲು. ಪತ್ತನಾಜೆಯ ಹೊತ್ತಿಗೆ ನಾಲ್ಕು ಹನಿ ಬೀಳುತ್ತದೆ ಎಂಬುದು ತುಳುನಾಡಿನ ಹಳೆಯ ನಂಬಿಕೆ. ಆ ವರ್ಷ ನಾಲ್ಕು ಹನಿಯಲ್ಲ, ಇಡೀ ಮಳೆಗಾಲವೇ ಬಂದು ನಿಂತಿತು. ಹಿತ್ತಿಲಲ್ಲಿ ಕಣಿ ತೋಡಲು, ಸಾಲು ಏರಿಸಲು ಹಲವರಿಗೆ ಸಮಯವೇ ಸಿಗಲಿಲ್ಲ.

ಇದಕ್ಕೆ ಕಾರಣವನ್ನು ವಿಜ್ಞಾನಿಗಳು ಸರಳವಾಗಿ ಹೇಳುತ್ತಾರೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತದೆ. ಸುರಿಯದ ದಿನಗಳಲ್ಲಿ ಅದೇ ಬಿಸಿ ಗಾಳಿ ಮಣ್ಣಿನಿಂದಲೂ ಎಲೆಯಿಂದಲೂ ನೀರನ್ನು ಬೇಗ ಬೇಗ ಹೀರುತ್ತದೆ.

ಮಣ್ಣಿನೊಳಗೆ ನಡೆಯುವುದೇನು?

ನಮ್ಮ ಕರಾವಳಿಯ ಹೆಚ್ಚಿನ ಹಿತ್ತಿಲುಗಳದ್ದು ಮುರಕಲ್ಲಿನ ಕೆಂಪು ಮಣ್ಣು. ಸಮುದ್ರದ ಬದಿಗೆ ಹೋದರೆ ಮರಳು. ಎರಡೂ ನೀರನ್ನು ಬೇಗ ಇಳಿಸಿಬಿಡುತ್ತವೆ. ಇಳಿಯುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಗಿಡಕ್ಕೆ ಬೇಕಾದ ಸಾರಜನಕ, ಪೊಟ್ಯಾಷ್, ಸುಣ್ಣದ ಅಂಶವನ್ನೂ ಕೊಂಡೊಯ್ಯುತ್ತದೆ. ಮಳೆಗಾಲದಲ್ಲಿ ಎಲೆಗಳು ಹಳದಿಯಾಗಲು ಇದೊಂದು ಕಾರಣ. ಇಲ್ಲಿನ ಮಣ್ಣು ಹುಳಿಯಾಗುವುದೂ ಇದರಿಂದಲೇ.

ಇನ್ನೊಂದು ಸಂಗತಿ ಬಹಳ ಮಂದಿಗೆ ಆಶ್ಚರ್ಯ ತರುತ್ತದೆ. ಒಂದು ತಿಂಗಳು ಬಿಡದೆ ಮಳೆಯಲ್ಲಿ ನೆನೆದ ಗಿಡವೇ ಆಮೇಲಿನ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಬಾಡುತ್ತದೆ. ಬೇರಿಗೆ ನೀರು ಮಾತ್ರವಲ್ಲ, ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರು ತುಂಬಿದಾಗ ಕೆಳಗಿನ ಬೇರು ಉಸಿರುಗಟ್ಟಿ ಸಾಯುತ್ತದೆ. ಉಳಿಯುವುದು ಮೇಲ್ಪದರದ ನಾಲ್ಕು ಬೇರುಗಳು. ಮಳೆ ನಿಂತು ಬಿಸಿಲು ಬಿದ್ದಾಗ ಮೊದಲು ಒಣಗುವುದೂ ಮೇಲ್ಪದರವೇ. ಒಂದು ವಾರದ ಬಿಸಿಲಿಗೆ ಗಿಡ ತಲೆಬಾಗಿಸುವುದು ಇದಕ್ಕಾಗಿ.

ಮಳೆ ಸುರಿಯುತ್ತಿರುವಾಗಲೇ ಗಿಡ ಬಾಡಿದಂತೆ ಕಂಡರೆ ಅದು ನೀರು ಕೇಳುತ್ತಿದೆ ಎಂದು ಭಾವಿಸಬಾರದು. ಬೇರು ಕೊಳೆತಾಗಲೂ ಎಲೆ ಬಾಡುತ್ತದೆ. ಬುಡದ ಮಣ್ಣಿಗೆ ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ನೋಡಬೇಕು. ಒಳಗೆ ಒದ್ದೆಯಿದ್ದರೆ ನೀರು ಕೊಡುವುದಲ್ಲ, ನೀರು ಹೋಗಲು ದಾರಿ ಮಾಡಿಕೊಡಬೇಕು.

ಬರಿ ನೆಲದ ಮೇಲೆ ಬಿರುಸಿನ ಮಳೆ ಬಿದ್ದರೆ ಮೇಲ್ಮಣ್ಣು ತಟ್ಟಿದಂತಾಗಿ ಹೆಪ್ಪುಗಟ್ಟುತ್ತದೆ. ಮುಂದಿನ ಮಳೆ ಒಳಗಿಳಿಯದೆ ಅದರ ಮೇಲಿನಿಂದಲೇ ಜಾರಿ ಚರಂಡಿ ಸೇರುತ್ತದೆ. ದಿನವಿಡೀ ಮಳೆ ಬಂದ ಮೇಲೂ ಅಗೆದು ನೋಡಿದರೆ ಒಂದು ಗೇಣು ಕೆಳಗೆ ಒಣ ಮಣ್ಣು ಸಿಗುವುದುಂಟು.

ತರಕಾರಿ ಹೇಳುವ ದೂರು

ನೀರಿನ ಏರುಪೇರನ್ನು ಗಿಡ ತನ್ನ ಕಾಯಿಯಲ್ಲೇ ಬರೆದು ತೋರಿಸುತ್ತದೆ. ಟೊಮೆಟೊ ಕಾಯಿಯ ತಳದಲ್ಲಿ ಕಪ್ಪು ಕಲೆ ಬಂದರೆ ಹೆಚ್ಚಿನವರು ರೋಗವೆಂದು ತಿಳಿದು ಔಷಧಿ ಹುಡುಕುತ್ತಾರೆ. ಅದು ಸೋಂಕಲ್ಲ. ಸುಣ್ಣದ ಅಂಶ ಕಾಯಿಗೆ ತಲುಪುವುದು ನೀರಿನ ಮೂಲಕ. ಒಂದು ದಿನ ನೀರು, ನಾಲ್ಕು ದಿನ ಬರ ಎಂದಾದರೆ ಕಾಯಿಯ ತುದಿಗೆ ಅದು ತಲುಪುವುದಿಲ್ಲ. ನೀರು ಸಮನಾಗಿ ಸಿಗತೊಡಗಿದರೆ ಮುಂದಿನ ಕಾಯಿಗಳು ಚೆನ್ನಾಗಿ ಬರುತ್ತವೆ. ಲಿಂಬೆ, ದಾಳಿಂಬೆ, ಟೊಮೆಟೊ ಒಡೆಯುವುದೂ ಇಂಥದ್ದೇ ಕಾರಣಕ್ಕೆ. ಒಣ ದಿನಗಳಲ್ಲಿ ಸಿಪ್ಪೆ ಬಿಗಿಯಾಗಿರುತ್ತದೆ. ದಿಢೀರನೆ ಮಳೆ ಬಂದಾಗ ಒಳಗಿನ ತಿರುಳು ಊದಿಕೊಳ್ಳುತ್ತದೆ. ಸಿಪ್ಪೆ ಬಿರಿಯುತ್ತದೆ.

ಮೆಣಸಿನ ಗಿಡ, ಅಲಸಂಡೆ, ಬದನೆ ಬಾಯಾರಿದರೆ ಮೊದಲು ಹೂವನ್ನೇ ಉದುರಿಸುತ್ತವೆ. ಅವುಗಳ ದೃಷ್ಟಿಯಲ್ಲಿ ಅದು ಜಾಣತನ. ತಾನು ಬದುಕಿದರೆ ಮತ್ತೆ ಹೂ ಬಿಡಬಹುದಲ್ಲ.

ಸೌತೆ ಮತ್ತು ಸೋರೆಕಾಯಿಯ ವಿಷಯದಲ್ಲಿ ಮಾತ್ರ ಮನೆಯವರು ಎಚ್ಚರ ವಹಿಸಬೇಕು. ಬಿಸಿಲು ಮತ್ತು ನೀರಿನ ಕೊರತೆಯಿಂದ ಬಳಲಿದ ಬಳ್ಳಿಯ ಕಾಯಿಗಳಲ್ಲಿ ಕಹಿ ಹೆಚ್ಚುತ್ತದೆ. ಈ ಕಹಿ ಬರೀ ರುಚಿಯ ಪ್ರಶ್ನೆಯಲ್ಲ. ಕಹಿ ಸೋರೆಕಾಯಿಯ ರಸ ಕುಡಿದು ಅಸ್ವಸ್ಥರಾದವರ, ಪ್ರಾಣ ಕಳೆದುಕೊಂಡವರ ಪ್ರಕರಣಗಳು ನಮ್ಮ ದೇಶದಲ್ಲೇ ನಡೆದಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ, ಕಹಿಯಾದ ರಸವನ್ನು ಕುಡಿಯಲೇಬಾರದು ಎಂದು ಎಚ್ಚರಿಸಿತ್ತು. ಸೋರೆಕಾಯಿಯನ್ನು ಕೊಯ್ದಾಗ ಒಂದು ಚೂರು ನಾಲಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಬೇಯಿಸಿದರೆ ಸರಿಹೋದೀತು ಎಂದು ಇಟ್ಟುಕೊಳ್ಳದೆ ಎಸೆದುಬಿಡಿ.

ಮಲ್ಲಿಗೆಯ ಆದಾಯ, ತೆಂಗಿನ ನೆನಪು

ಉಡುಪಿಯ ಶಂಕರಪುರದ ಸುತ್ತಮುತ್ತ ಬೆಳೆಯುವ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಅತ್ತ ಭಟ್ಕಳದ ಮಲ್ಲಿಗೆಯ ಹೆಸರೂ ಕಡಿಮೆಯದ್ದಲ್ಲ. ಮದುವೆ ಮನೆಯಲ್ಲಿ ಮಲ್ಲಿಗೆ ಇಲ್ಲದಿದ್ದರೆ ಕರಾವಳಿಯ ಹೆಂಗಸರಿಗೆ ಸಂಭ್ರಮವೇ ಇಲ್ಲ. ಶಂಕರಪುರದ ಲೆಕ್ಕದಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಗಾಗಿ 3,200 ಮೊಗ್ಗುಗಳನ್ನು ಬೆಳಗಿನ ಜಾವವೇ ಕೊಯ್ದು ಕಟ್ಟಬೇಕು. ಅಂಗಳದ ಹತ್ತಿಪ್ಪತ್ತು ಗಿಡಗಳಿಂದ ಮಕ್ಕಳ ಶಾಲೆಯ ಖರ್ಚು ನಡೆಸಿದ ತಾಯಂದಿರು ಈ ಭಾಗದಲ್ಲಿ ಎಲ್ಲ ಸಮುದಾಯಗಳಲ್ಲೂ ಇದ್ದಾರೆ.

ಮಲ್ಲಿಗೆಗೆ ಬಿಸಿಲು ಇಷ್ಟ, ಆದರೆ ಬೇರಿಗೆ ತೇವ ಬೇಕು. ಬೇಸಿಗೆಯಲ್ಲಿ ನೀರು ಕೊಟ್ಟರೆ ಹೂ ತುಂಬುತ್ತದೆ. ಆಗಲೇ ಬಾವಿ ಬತ್ತಿರುತ್ತದೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಎಲೆ ಹಳದಿಯಾಗಿ ಬೇರು ಕೊಳೆಯುತ್ತದೆ. ನೆನೆದ ಮೊಗ್ಗು ಬೇಗ ಕಂದುತ್ತದೆ. ಹೂವಿಗೆ ಬೆಲೆಯಿದ್ದಾಗ ಗಿಡದಲ್ಲಿ ಹೂವಿಲ್ಲ ಎಂಬ ದುಃಖ ಬೆಳೆದವರಿಗೇ ಗೊತ್ತು. ಈ ಗಿಡವನ್ನು ನೆಲಮಟ್ಟದ ಗುಂಡಿಯಲ್ಲಿ ನೆಡದೆ ಒಂದು ಅಡಿ ಏರಿಸಿದ ದಿಬ್ಬದ ಮೇಲೆ ನೆಡುವುದು ಒಳ್ಳೆಯದು.

ಕಾಳುಮೆಣಸಿನ ಬಳ್ಳಿ ಮೊದಲ ಮಳೆಗೆ ಚಿಗುರಿ ಕರೆ ಬಿಡುತ್ತದೆ. ಆ ಹೊತ್ತಿಗೆ ಮಳೆ ಕೆಲವು ದಿನ ಮಾಯವಾದರೂ ಕರೆ ಉದುರಿ ಆ ವರ್ಷದ ಫಸಲು ಇಳಿಯುತ್ತದೆ. ಮಾವಿನದು ಇದಕ್ಕೆ ವಿರುದ್ಧ. ಅದಕ್ಕೆ ಹೂ ಬಿಡಲು ಒಣ ಹವೆ ಬೇಕು. ಡಿಸೆಂಬರ್ ಜನವರಿಯಲ್ಲಿ ಅಕಾಲ ಮಳೆ ಸುರಿದರೆ ಹೂ ಕಪ್ಪಾಗಿ ಉದುರುತ್ತದೆ.

ಎಲ್ಲಕ್ಕಿಂತ ದೀರ್ಘ ನೆನಪು ತೆಂಗಿನ ಮರದ್ದು. ಹೊಂಬಾಳೆಯ ಮೊಳಕೆ ಮರದೊಳಗೆ ಮೂಡಿ, ಹೊರಬಂದು, ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಬೇಕು. ಅಂದರೆ ಇಂದಿನ ಬರದ ಪೆಟ್ಟು ಮೂರು ವರ್ಷಗಳ ಬಳಿಕದ ಗೊನೆಯಲ್ಲೂ ಕಾಣಬಹುದು. ಕಾಯಿ ಏಕೆ ಕಡಿಮೆಯಾಯಿತು ಎಂದು ಈ ವರ್ಷ ಕಾರಣ ಹುಡುಕುವವರು ಕಳೆದುಹೋದ ಬೇಸಿಗೆಗಳನ್ನೂ ನೆನಪಿಸಿಕೊಳ್ಳಬೇಕು.

ಮನೆಯಲ್ಲೇ ಮಾಡಬಹುದಾದದ್ದು

ಮಳೆಯನ್ನು ನಿಯಂತ್ರಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಬಿದ್ದ ಮಳೆ ಮಣ್ಣಿನಲ್ಲಿ ಎಷ್ಟು ದಿನ ಉಳಿಯಬೇಕು ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಇದಕ್ಕೆ ಹಣ ಹೆಚ್ಚು ಬೇಡ.

ಮೊದಲನೆಯದು, ನೆಲವನ್ನು ಬರಿದಾಗಿ ಬಿಡದಿರುವುದು. ಅಂಗಳ ಗುಡಿಸಿ ತರಗೆಲೆಗಳಿಗೆ ಬೆಂಕಿ ಕೊಡುವ ಅಭ್ಯಾಸ ಹಲವರಲ್ಲಿದೆ. ಆ ತರಗೆಲೆಯೇ ಗಿಡದ ಹೊದಿಕೆ. ನಾಲ್ಕು ಬೆರಳಿನಷ್ಟು ದಪ್ಪ ಹರಡಿದರೆ ಬಿರುಸಿನ ಹನಿ ಮಣ್ಣಿಗೆ ತಾಗುವುದಿಲ್ಲ, ಬಿಸಿಲಿಗೆ ತೇವ ಆರುವುದಿಲ್ಲ. ಕೊಳೆತ ಮೇಲೆ ಅದೇ ಗೊಬ್ಬರ. ಮಳೆಗಾಲದಲ್ಲಿ ಮಾತ್ರ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಕಿ, ಇಲ್ಲದಿದ್ದರೆ ಬುಡ ಕೊಳೆಯಬಹುದು. ತೆಂಗಿನ ಸಿಪ್ಪೆಯನ್ನೂ ಸುಡಬೇಡಿ. ನೆನೆದ ಸಿಪ್ಪೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರನ್ನು ಹಿಡಿದಿಡುತ್ತದೆ. ಮರದ ಸುತ್ತ ತೋಡಿದ ಕಣಿಯಲ್ಲಿ ಒಳಮೈ ಮೇಲ್ಮುಖವಾಗಿರುವಂತೆ ಜೋಡಿಸಿ ಮಣ್ಣು ಮುಚ್ಚಿದರೆ ಕೆಲವು ವರ್ಷಗಳ ಕಾಲ ಅದು ಉಪಕಾರಿ.

ಎರಡನೆಯದು, ನೀರು ಕೊಡುವ ಕ್ರಮ. ದಿನವೂ ಮೇಲಿಂದ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಬುಡಕ್ಕೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಕೊಟ್ಟರೆ ಬೇರೂ ಆಳಕ್ಕೆ ಇಳಿಯುತ್ತದೆ. ತಳದಲ್ಲಿ ಸಣ್ಣ ತೂತು ಮಾಡಿದ ಹಳೆಯ ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಕುತ್ತಿಗೆಯವರೆಗೆ ಹೂತು ನೀರು ತುಂಬಿಸಿಡುವುದು ಹಳೆಯ ಉಪಾಯ. ನೆಂಟರ ಮನೆಗೆ ಎರಡು ದಿನ ಹೋದರೂ ಗಿಡ ಉಪವಾಸ ಬೀಳುವುದಿಲ್ಲ.

ಮೂರನೆಯದು, ಬಿತ್ತನೆ. ಮೊದಲ ಮಳೆಗೇ ಹೀರೆ, ಬೆಂಡೆ, ಪಡುವಲ, ಸೌತೆಯ ಎಲ್ಲ ಬೀಜಗಳನ್ನೂ ಹಾಕಿ ಮುಗಿಸುವುದು ನಮ್ಮ ರೂಢಿ. ಮಳೆ ನಂಬಿಕೆಗೆ ಅರ್ಹವಾಗಿದ್ದ ಕಾಲಕ್ಕೆ ಅದು ಸರಿಯಿತ್ತು. ಈಗ ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಮೂರು ಕಂತುಗಳಾಗಿ ಬಿತ್ತಿ. ಒಂದು ಕಂತು ಒಣಗಿದರೆ ಅಥವಾ ಕೊಳೆತರೆ ಇನ್ನೊಂದು ಕೈ ಹಿಡಿಯುತ್ತದೆ. ಬೂದಿಯಲ್ಲಿ ಬೆರೆಸಿ ಡಬ್ಬಿಯಲ್ಲಿಟ್ಟ ಒಂದು ಹಿಡಿ ಬೀಜ ಮನೆಯಲ್ಲಿ ಸದಾ ಇರಲಿ.

ನಾಲ್ಕನೆಯದು, ಗೊಬ್ಬರ. ಸುಡುಮಣ್ಣು, ಒಲೆಯ ಬೂದಿ, ಹಟ್ಟಿಗೊಬ್ಬರವನ್ನು ಜಡಿಮಳೆಯ ನಡುವೆ ಹಾಕಿದರೆ ತೋಡಿನ ಪಾಲು. ಮಳೆ ಬಿಡುವು ಕೊಟ್ಟಾಗ ಸ್ವಲ್ಪ ಸ್ವಲ್ಪವಾಗಿ ಹಾಕಿ. ಬೂದಿ ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ.

ಫ್ಲ್ಯಾಟುಗಳಲ್ಲಿ ವಾಸಿಸುವ ಸಹೋದರಿಯರಿಗೂ ಒಂದು ಮಾತು. ಕುಂಡದ ಮಣ್ಣು ನೆಲಕ್ಕಿಂತ ಬೇಗ ಒಣಗುತ್ತದೆ, ಬೇಗ ನೀರು ಕಟ್ಟುತ್ತದೆ. ಮಳೆಗಾಲಕ್ಕೆ ಮುಂಚೆ ತಳದ ತೂತು ತೆರೆದಿದೆಯೇ ನೋಡಿ. ಅಡಿಯ ತಟ್ಟೆಗಳನ್ನು ತೆಗೆದಿಡಿ. ಅದರಲ್ಲಿ ನಿಂತ ನೀರು ಡೆಂಗಿ ಹರಡುವ ಸೊಳ್ಳೆಗೆ ತೊಟ್ಟಿಲು. ಬಿಸಿಲ ದಿನಗಳಲ್ಲಿ ಕುಂಡಗಳನ್ನು ಒತ್ತಾಗಿ ಜೋಡಿಸಿದರೆ ಒಂದರ ನೆರಳು ಇನ್ನೊಂದಕ್ಕೆ.

ಮನೆಯೊಳಗಿನ ನೀರು

ಪ್ರವಾದಿ(ಸ)ಯವರು ಒಂದು ಮುದ್ದ್, ಅಂದರೆ ಸುಮಾರು ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿ ದಾಖಲಾಗಿದೆ. ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು ನಮ್ಮ ಒಂದು ವುಝೂವಿಗೆ ಎಷ್ಟು ನೀರು ಹೋಗುತ್ತದೆ ಎಂದು ಅಳೆದು ನೋಡಿದರೆ ತಿಳಿಯುತ್ತದೆ. ದಿನಕ್ಕೆ ಐದು ಹೊತ್ತು, ಮನೆಯಲ್ಲಿ ಐದಾರು ಮಂದಿ. ಈ ನೀರಿನಲ್ಲಿ ಸಾಬೂನಿಲ್ಲ, ಎಣ್ಣೆಯಿಲ್ಲ. ಹಿತ್ತಿಲಿಗೆ ಇದಕ್ಕಿಂತ ಒಳ್ಳೆಯ ಬಳಸಿದ ನೀರು ಇನ್ನೊಂದಿಲ್ಲ. ವುಝೂ ಮಾಡುವ ಕಟ್ಟೆಯಿಂದ ಒಂದು ಸಣ್ಣ ಪೈಪು ಅಥವಾ ಕಣಿ ಮಾಡಿ ಬಸಳೆಯ ಬುಡಕ್ಕೋ ಕರಿಬೇವಿಗೋ ಹರಿಸಬಹುದು. ಮಸೀದಿ ಮದ್ರಸಗಳ ಆವರಣದಲ್ಲೂ ಇದು ಸಾಧ್ಯ. ಅಲ್ಲಿ ಹರಿದುಹೋಗುವ ನೀರಿಗೆ ಹತ್ತು ತೆಂಗಿನ ಮರಗಳು ಬದುಕಿಯಾವು.

ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಕರಾವಳಿಯ ಮನೆಗಳಲ್ಲಿ ಹಿಂದಿನಿಂದಲೂ ಗಿಡಕ್ಕೇ ಹೋಗುತ್ತಿತ್ತು. ಸಿಂಕ್ ಬಂದ ಮೇಲೆ ಆ ದಾರಿ ಮುಚ್ಚಿತು. ಸಾಬೂನಿನ ಬಚ್ಚಲು ನೀರನ್ನು ಬಾಳೆ, ಕೆಸುವಿನ ಗುಂಡಿಗೆ ಬಿಡಬಹುದು. ಹಸಿಯಾಗಿ ತಿನ್ನುವ ಪುದೀನ, ಕೊತ್ತಂಬರಿಗೆ ಬೇಡ.

ಇನ್ನು ಮಾಡಿನ ನೀರು. ಒಂದು ಸಾವಿರ ಚದರಡಿಯ ಮಾಡಿನ ಮೇಲೆ ಕೇವಲ 1 ಮಿ.ಮೀ. ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. ಒಂದೇ ಸಂಜೆ 20 ಮಿ.ಮೀ. ಬಿದ್ದರೆ 1,800 ಲೀಟರಿಗೂ ಹೆಚ್ಚು. ಮಂಗಳೂರಿನಂಥ ಊರಿನಲ್ಲಿ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಮಿಕ್ಕಿ ನೀರು ನಮ್ಮ ತಲೆಯ ಮೇಲಿನಿಂದಲೇ ಹರಿದು ಸಮುದ್ರ ಸೇರುತ್ತದೆ. ಮೊದಲ ಕೆಲವು ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಬಳಿಕದ್ದನ್ನು ಜಲ್ಲಿ, ಮರಳು, ಇದ್ದಿಲಿನ ಸೋಸುಗುಂಡಿಯ ಮೂಲಕ ಬಾವಿಗೋ, ಬಾವಿಯ ಬಳಿಯ ಇಂಗುಗುಂಡಿಗೋ ಇಳಿಸಬಹುದು. ಪತ್ರಕರ್ತ ಶ್ರೀ ಪಡ್ರೆಯವರು ದಶಕಗಳಿಂದ ಕನ್ನಡದಲ್ಲಿ ಇದನ್ನೇ ಬರೆಯುತ್ತಾ ಬಂದಿದ್ದಾರೆ. ಮಳೆಗಾಲದಲ್ಲಿ ಇಂಗಿಸಿದ ನೀರಿನ ಬೆಲೆ ತಿಳಿಯುವುದು ಮಾರ್ಚ್ ಎಪ್ರಿಲ್‌ನಲ್ಲಿ ಕೊಡ ಬಾವಿಗೆ ಇಳಿದಾಗ.

ಇವುಗಳಲ್ಲಿ ಯಾವುದೂ ಹೊಸ ವಿದ್ಯೆಯಲ್ಲ. ನಮ್ಮ ಅಜ್ಜಿಯಂದಿರು ತರಗೆಲೆ ಹೊರುತ್ತಿದ್ದರು, ಬೂದಿ ಜೋಪಾನ ಮಾಡುತ್ತಿದ್ದರು, ಒಂದು ತಂಬಿಗೆ ನೀರನ್ನೂ ಅಂಗಳಕ್ಕೆ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಆಗ ಮಳೆ ಹೇಳಿದ ಹೊತ್ತಿಗೆ ಬರುತ್ತಿತ್ತು. ಹಾಗಿದ್ದರೂ ಅವರು ಅಷ್ಟು ಜಾಗ್ರತೆ ವಹಿಸಿದ್ದರು. ಮಳೆ ಮಾತು ತಪ್ಪುತ್ತಿರುವ ಈ ಕಾಲದಲ್ಲಿ ನಮಗೆ ಅದಕ್ಕಿಂತ ಹೆಚ್ಚಿನ ಜಾಗ್ರತೆ ಬೇಕಲ್ಲವೇ? ಈ ಬಾರಿ ಅಂಗಳ ಗುಡಿಸಿದ ಮೇಲೆ ಬೆಂಕಿಪೆಟ್ಟಿಗೆ ಹುಡುಕುವ ಬದಲು ಆ ತರಗೆಲೆಯನ್ನು ಒಂದು ಗಿಡದ ಬುಡಕ್ಕೆ ಹಾಕಿ ನೋಡಿ. ಮುಂದಿನ ಬಿಸಿಲಿಗೆ ಆ ಗಿಡವೇ ನಿಮಗೆ ಉತ್ತರ ಹೇಳುತ್ತದೆ.